ಮಂಗಳೂರಿನ ಇಗರ್ಜಿಗಳು

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವೆಡೆಯಲ್ಲಿ, ಗುಡ್ಡ ತಗ್ಗುಗಳ ಮೇಲೆ ಹರಡಿಕೊಂಡಿರುವ ನಗರ ಮಂಗಳೂರು. ಇಲ್ಲಿಯ ಕಥೋಲಿಕ ಕ್ರೈಸ್ತರು ತಮ್ಮ ಪ್ರಾರ್ಥನಾಮಂದಿರವನ್ನು ‘ಇಗರ್ಜಿ’ ಎಂದು ಕರೆಯುತ್ತಾರೆ. ಪೋರ್ಚುಗೀಸರ ನುಡಿಯಿಂದ ಬಂದ ಈ ಪದವು ಕರಾವಳಿಯ ನಾಲಗೆಗೆ ಒಗ್ಗಿ ಇಲ್ಲಿಯದೇ ಆಗಿಬಿಟ್ಟಿದೆ. ಕಟ್ಟಡಗಳ ಕಥೆಯೂ ಇಂತಹುದೇ. ಅವುಗಳ ರೂಪ ಕಡಲಾಚೆಯಿಂದ ಬಂದಿತು; ಆ ರೂಪಕ್ಕೆ ಒಡಲನ್ನು ಕೊಟ್ಟುದು ಈ ನೆಲ.

ರೊಸಾರಿಯೊ ಇಗರ್ಜಿಯು 1568ರಲ್ಲಿಯೂ ಮಿಲಾಗ್ರಿಸ್ ಇಗರ್ಜಿಯು 1680ರಲ್ಲಿಯೂ ಸ್ಥಾಪಿತವಾದವು. ಇವುಗಳ ಇಂದಿನ ಕಟ್ಟಡಗಳು ಬಹಳ ಈಚಿನವು. ರೊಸಾರಿಯೊದ ಗುಮ್ಮಟದ ಮೇಲಿನ ಶಿಲುಬೆಯ ಬೆಳಕು ಕಡಲಿನವರಿಗೂ ಕಾಣುತ್ತಿತ್ತು. ಬಲ್ಮಠದ ಶಾಂತಿ ದೇವಾಲಯವು ಬಾಸೆಲ್ ಮಿಷನ್ನಿನ ಕಾಲದ್ದು. ಅದು ನಿರ್ಮಾಣವಾದುದು 1862ರಲ್ಲಿ.

ಕರಾವಳಿಯ ಹಳೆಯ ಕಟ್ಟಡಗಳಿಗೆ ಮುಖ್ಯ ಸಾಮಗ್ರಿ ಮುರಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೃದುವಾಗಿರುವ ಈ ಕಲ್ಲು ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಆದರೆ ಅದರ ಮೈತುಂಬ ರಂಧ್ರಗಳು; ನೀರನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅದಕ್ಕೆ ಸುಣ್ಣದ ಗಾರೆಯ ಹೊದಿಕೆ ಬೇಕು, ಮೇಲೆ ಇಳಿಜಾರಾದ ಮಾಡು ಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಇಲ್ಲಿಯ ಜೇಡಿಮಣ್ಣಿನಿಂದ ಹೆಂಚು ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹೆಂಚು ‘ಮಂಗಳೂರು ಹೆಂಚು’ ಎಂದು ದೂರದೇಶಗಳಲ್ಲಿಯೂ ಹೆಸರಾಯಿತು.

ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವು ಹೊರಗಿನಿಂದ ಸರಳವಾಗಿಯೇ ತೋರುತ್ತದೆ. ಒಳಹೊಕ್ಕವರ ಕಣ್ಣು ಮಾತ್ರ ಬೆರಗಾಗುತ್ತದೆ. ಗೋಡೆ, ಕಮಾನು, ಒಳಮಾಡುಗಳೆಲ್ಲವೂ ಚಿತ್ರಮಯ. ಇಟಲಿಯ ಆಂಟೋನಿಯೊ ಮೊಸ್ಕೇನಿ (1854–1905) ಎಂಬ ಜೆಸ್ವಿಟ್ ಸಹೋದರರು 19ನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದು ಇವನ್ನು ಬರೆದರು. ಸಿರಿವಂತ ಮನೆತನವನ್ನು ತೊರೆದು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಅಲೋಶಿಯಸರ ಜೀವನವು ಅಲ್ಲಿ ಬಣ್ಣಗಳಲ್ಲಿ ಮೂಡಿದೆ.

ಗೋಡೆಯ ಚಿತ್ರಗಳದು ವಿಶೇಷ ವಿಧಾನ. ಗಾರೆ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣ ಹಚ್ಚಬೇಕು. ಆದುದರಿಂದ ಕಲಾವಿದನು ಒಂದು ದಿನದಲ್ಲಿ ಬರೆಯಬಲ್ಲಷ್ಟೇ ಜಾಗಕ್ಕೆ ಗಾರೆ ಬಳಿಸುತ್ತಾನೆ. ಸುಣ್ಣ ಒಣಗಿದಂತೆ ಬಣ್ಣವು ಅದರಲ್ಲಿ ಒಂದಾಗಿ ಗೋಡೆಯ ಅಂಗವೇ ಆಗುತ್ತದೆ. ಗೋಡೆ ಬಾಳಿದಷ್ಟು ಕಾಲ ಚಿತ್ರವೂ ಬಾಳುತ್ತದೆ. ಗೋಡೆ ಕೆಟ್ಟರೆ ಚಿತ್ರಕ್ಕೆ ಉಳಿವಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಮಾಡಿನ ಒಂದು ಹೆಂಚು ಒಡೆದರೂ ನೀರು ಗೋಡೆಗೆ ಇಳಿಯಬಹುದು. ಗೋಡೆಯೊಳಗಿನ ಲವಣವು ನೀರಿನೊಡನೆ ಹೊರಬಂದು ಗಾರೆಯನ್ನು ಸಡಿಲಿಸುತ್ತದೆ. ಬಣ್ಣ ಹಕ್ಕಳೆಯಾಗಿ ಉದುರುತ್ತದೆ. 1990ರ ದಶಕದಲ್ಲಿ ತಜ್ಞರು ಈ ಚಿತ್ರಗಳನ್ನು ಬಹು ಎಚ್ಚರದಿಂದ ಶುಚಿಗೊಳಿಸಿ ಸಂರಕ್ಷಿಸಿದರು. ಆದರೆ ತಜ್ಞರ ಕೆಲಸ ಎಂದೋ ಒಮ್ಮೆ ನಡೆಯುವಂತಹುದು. ಮಳೆಯಾದರೋ ವರ್ಷವರ್ಷವೂ ಬರುತ್ತದೆ. ಮಳೆಗಾಲಕ್ಕೆ ಮುನ್ನ ಮಾಡನ್ನೇರಿ ಒಡೆದ ಹೆಂಚನ್ನು ಬದಲಿಸುವ ಕೆಲಸಗಾರನ ಹೆಸರು ಯಾವ ಗೋಡೆಯ ಮೇಲೂ ಇರುವುದಿಲ್ಲ. ಆದರೂ ಚಿತ್ರಕಾರನ ಕೃತಿ ಉಳಿಯಬೇಕಾದರೆ ಅವನ ಕೈ ಬೇಕು. ಪರಂಪರೆಯು ನಿರ್ಮಿಸಿದವರಿಂದ ಹುಟ್ಟುತ್ತದೆ, ನೋಡಿಕೊಳ್ಳುವವರಿಂದ ಬದುಕುತ್ತದೆ.