ವಯಸ್ಕರ ಕಲಾಕೂಟ: ಅದರ ಏರ್ಪಾಡಿನ ಬಗೆ

ಹಬ್ಬಕ್ಕೆ, ಮದುವೆಗೆ, ಉಪನಯನಕ್ಕೆ ನಾವು ಕೂಡುತ್ತೇವೆ. ಭಾಷಣವಿದ್ದರೆ ಕೇಳುತ್ತೇವೆ, ಆಟವಿದ್ದರೆ ನೋಡುತ್ತೇವೆ, ಎಲೆ ಹಾಕಿದರೆ ಉಣ್ಣುತ್ತೇವೆ. ಕೂಡಿದಲ್ಲೆಲ್ಲ ಕಣ್ಣು, ಕಿವಿ, ನಾಲಗೆಗಳಿಗೆ ಬೇಕಾದಷ್ಟು ಕೆಲಸವುಂಟು. ಕೈಗೆ ಮಾತ್ರ ಊಟದ ಹೊತ್ತಿಗಲ್ಲದೆ ಬೇರೆ ಕೆಲಸವಿಲ್ಲ. ಹತ್ತು ಹನ್ನೆರಡು ಮಂದಿ ದೊಡ್ಡವರು ಒಂದು ಅರ್ಧ ದಿನ ಒಟ್ಟಿಗೆ ಕುಳಿತು, ತಮ್ಮ ಕೈಯಿಂದಲೇ ಏನಾದರೊಂದು ಚೆಲುವಾದ ವಸ್ತುವನ್ನು ಮಾಡಿ ಏಳುವ ಕೂಟಕ್ಕೆ ನಾನು ಇಲ್ಲಿ ಕಲಾಕೂಟವೆಂದು ಹೆಸರಿಟ್ಟಿದ್ದೇನೆ. ಅದನ್ನು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಈ ಸೀಮೆಯಲ್ಲಿ ಹೇಗೆ ನಡೆಸಬಹುದೆಂಬುದೇ ಪ್ರಸ್ತುತ ವಿಷಯ.

ಇಂತಹ ಕೂಟಗಳು ಹೊಸತೇನಲ್ಲ. ದೊಡ್ಡ ಪಟ್ಟಣಗಳಲ್ಲಿ ಇಂದು ಹಣ ತೆಗೆದುಕೊಂಡು ಇವನ್ನು ನಡೆಸುವವರಿದ್ದಾರೆ. ಒಬ್ಬ ಶಿಕ್ಷಕ ಮುಂದೆ ಒಂದು ಚಿತ್ರವನ್ನಿಟ್ಟು ಬರೆಯುತ್ತಾನೆ. ಬಂದವರೆಲ್ಲ ಅದನ್ನೇ ನೋಡಿ ಬರೆಯುತ್ತಾರೆ. ಕೊನೆಗೆ ಇಪ್ಪತ್ತು ಸೂರ್ಯಾಸ್ತಗಳು ಸಾಲಾಗಿ ನಿಲ್ಲುತ್ತವೆ. ಸಂಜೆ ಸಂತೋಷದಿಂದ ಕಳೆಯುವುದೇನೋ ನಿಜ. ಆದರೆ ಅದು ಶಾಲೆಯ ಪ್ರತಿಲೇಖನದ ಪಾಠವೇ ಹೊರತು ಬೇರೆಯಲ್ಲ. ಒಬ್ಬರದು ಚೆನ್ನಾಗಿ ಬಂದು ಇನ್ನೊಬ್ಬರದು ಕೆಟ್ಟರೆ, ಕೆಟ್ಟವರು ಮತ್ತೆ ಕುಂಚ ಹಿಡಿಯಲಾರರು. ವಯಸ್ಕರ ಕೈ ಹಿಂಜರಿಯುವುದು ಈ ಹೋಲಿಕೆಗೇ. "ನಾವೇನು ಹೆಬ್ಬಾರರೇ?" ಎಂದು ಕೇಳುವವರು ನಮ್ಮಲ್ಲಿ ಬಹಳ. ೧೯೧೧ರಲ್ಲಿ ನಮ್ಮ ಕಟ್ಟಿಂಗೇರಿಯಲ್ಲಿ ಹುಟ್ಟಿ, ಒಂದೇ ಗೆರೆಯ ಓಟದಲ್ಲಿ ನರ್ತಕಿಯನ್ನು ಕುಣಿಸಿದ ಕೆ. ಕೆ. ಹೆಬ್ಬಾರರ ಹೆಸರು ನಮಗೆ ಹೆಮ್ಮೆಯೂ ಹೌದು, ಕೈ ಕಟ್ಟಿ ಕೂರಲು ನೆವವೂ ಹೌದು!

ಹಾಗಾದರೆ ಕೂಟಕ್ಕೆ ಮಾದರಿ ಯಾವುದು? ತರಗತಿಯಲ್ಲ, ಚೌಕಿ. ಯಕ್ಷಗಾನದ ಚೌಕಿಯನ್ನು ಒಮ್ಮೆಯಾದರೂ ಇಣುಕಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಣಪತಿಯ ಮುಂದೆ ದೀಪ. ಎರಡು ಬದಿಯಲ್ಲಿ ಸಾಲಾಗಿ ಕುಳಿತ ಕಲಾವಿದರು. ಪ್ರತಿಯೊಬ್ಬರಿಗೂ ತನ್ನದೇ ಜಾಗ, ತನ್ನದೇ ಕನ್ನಡಿ. ತೆಂಗಿನೆಣ್ಣೆಯಲ್ಲಿ ಬಣ್ಣ ಕಲಸಿ ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಬಣ್ಣದ ವೇಷಧಾರಿ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯಿಡುತ್ತ ಗಂಟೆಗಟ್ಟಲೆ ಕುಳಿತಿರುತ್ತಾನೆ. ಪಕ್ಕದ ಬಾಲಗೋಪಾಲ ವೇಷದ ಹುಡುಗ ಸ್ವಲ್ಪ ಹೊತ್ತಿನಲ್ಲೇ ಎದ್ದುಬಿಡುತ್ತಾನೆ. ಯಾರೂ ಮುಂದೆ ನಿಂತು ಪಾಠ ಹೇಳುವುದಿಲ್ಲ. ಹೊಸಬನು ಓರೆಗಣ್ಣಿನಿಂದ ನೋಡಿ ಕಲಿಯುತ್ತಾನೆ, ಹಳಬನು ಮಾತಿನ ನಡುವೆ ಒಂದು ಗೆರೆ ತಿದ್ದುತ್ತಾನೆ. ಹೊರಗೆ ಚೆಂಡೆಯ ಸದ್ದು ಕೇಳಿಸುತ್ತಿರುವುದರಿಂದ ಕೆಲಸಕ್ಕೊಂದು ಗಡುವೂ ಇದೆ. ತನ್ನ ಜಾಗ, ಹಂಚಿಕೊಂಡ ಬಣ್ಣ, ಒಂದು ಗಡುವು: ಈ ಮೂರಿದ್ದರೆ ವಯಸ್ಕನ ಸಂಕೋಚ ಅರ್ಧ ಕರಗುತ್ತದೆ. ಚೌಕಿಯ ಕುಳಿತುಕೊಳ್ಳುವ ಕ್ರಮದಲ್ಲಿ ವೇಷಕ್ಕೆ ತಕ್ಕ ಹೆಚ್ಚುಕಡಿಮೆಯ ಸ್ಥಾನಗಳುಂಟು. ಅದನ್ನು ಮಾತ್ರ ನಾವು ಚೌಕಿಗೇ ಬಿಟ್ಟು ಬರೋಣ.

ಇನ್ನು ಮಾಡುವ ಕೆಲಸದ ಆಯ್ಕೆ. ಕಾರ್ಕಳವೆಂದ ಕೂಡಲೆ ಕಲ್ಲು ನೆನಪಾಗುತ್ತದೆ. ೧೪೩೨ರಲ್ಲಿ ಪ್ರತಿಷ್ಠೆಗೊಂಡ ೪೨ ಅಡಿಯ ಗೊಮ್ಮಟನಿರುವ ಊರು ಅದು. ಧರ್ಮಸ್ಥಳದ ೩೯ ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಡೆದದ್ದೂ ಕಾರ್ಕಳದಲ್ಲಿಯೇ. ಆದರೆ ಅರ್ಧ ದಿನದ ಕೂಟಕ್ಕೆ ಕಲ್ಲು ಒಗ್ಗದು; ಉಳಿಯ ಹಿಡಿತ ಕೈಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ನಾಗಮಂಡಲದ ಐದು ಬಣ್ಣದ ಮಂಡಲ, ದೈವದ ಅಣಿ, ಇವೆರಡೂ ಕಣ್ಣಿಗೆ ಎಷ್ಟೇ ಚೆಲುವಾಗಿದ್ದರೂ ಆರಾಧನೆಗೆ ಸೇರಿದವು. ಅವನ್ನು ಬರೆಯುವವರಿಗೂ ಕಟ್ಟುವವರಿಗೂ ಅದರ ನೇಮ ನಿಷ್ಠೆಗಳಿವೆ. ವಿನೋದದ ಕೂಟದಲ್ಲಿ ಅವನ್ನು ಮಾಡುವುದು ನನಗೆ ಸರಿಕಾಣದು.

ನಾನು ಸೂಚಿಸುವುದು ಕಾವಿ ಕಲೆಯನ್ನು. ಗೋವೆಯಿಂದ ತೆಂಕಣಕ್ಕೆ ಹಬ್ಬಿದ ಕರಾವಳಿಯಲ್ಲಿ ಹಳೆಯ ದೇವಸ್ಥಾನ, ಮಠ, ಮನೆಗಳ ಗೋಡೆಯ ಮೇಲೆ ಕೆಂಪು ಬಿಳಿ ಎರಡೇ ಬಣ್ಣಗಳಲ್ಲಿ ಹೂಬಳ್ಳಿ, ಮಂಡಲ, ಆನೆ, ಗರುಡ, ಕೃಷ್ಣರ ಚಿತ್ರಗಳಿವೆ. ಕುಮಟಾ, ಅಂಕೋಲಾ, ಗೋಕರ್ಣಗಳ ಕಡೆ ಇವು ಹೆಚ್ಚು. ನೋಡುವವರು ಇದನ್ನು ಬಣ್ಣ ಬಳಿದ ಚಿತ್ರವೆಂದುಕೊಳ್ಳುತ್ತಾರೆ. ನಿಜವಾಗಿ ಇದು ಕೆರೆದು ತೆಗೆದ ಚಿತ್ರ. ಬಿಳಿಯ ಸುಣ್ಣದ ಗಾರೆಯ ಮೇಲೆ ಕಾವಿಮಣ್ಣು ಬೆರೆಸಿದ ಕೆಂಪು ಗಾರೆಯ ತೆಳುವಾದ ಪದರವನ್ನು ಎಳೆದು, ಅದು ಹಸಿಯಾಗಿರುವಾಗಲೇ ಕಂಟದಿಂದ ಬೇಡವಾದ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಹೊರಬರುತ್ತದೆ. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವುದರಿಂದ ಚಿತ್ರವು ಗೋಡೆಯ ಮೈಯೇ ಆಗಿಬಿಡುತ್ತದೆ. ಇಟಲಿಯಲ್ಲಿ ಇದೇ ತತ್ತ್ವದ ಕೆಲಸಕ್ಕೆ ಸ್ಗ್ರಾಫಿತೊ ಎನ್ನುತ್ತಾರೆ. ಹದಿನಾರನೆಯ ಶತಮಾನದ ವಸಾರಿ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ನಮ್ಮ ಕರಾವಳಿಯ ಕಾವಿ ಚಿತ್ರಗಳ ಬಗೆಗೆ ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ಅಲೆದು ಬರೆದಿಟ್ಟರು.

ಈ ಗೋಡೆಗಳು ಈಗ ಅಪಾಯದಲ್ಲಿವೆ. ಜೀರ್ಣೋದ್ಧಾರವೆಂದರೆ ಹಳೆಯ ಗಾರೆಯನ್ನು ಕುಟ್ಟಿ ಸಿಮೆಂಟು ಬಳಿಯುವುದು, ಟೈಲ್ಸು ಹಾಕುವುದು ಎಂದೇ ಹಲವೆಡೆ ಅರ್ಥವಾಗಿಬಿಟ್ಟಿದೆ. ಹಾಗೆ ಅಳಿದುಹೋದ ಕಾವಿ ಗೋಡೆಗಳು ಅನೇಕ. ಅಂತಹ ತೀರ್ಮಾನ ಮಾಡುವವರು ಯಾರು? ಮಕ್ಕಳಲ್ಲ. ಸಮಿತಿಯ ಅಧ್ಯಕ್ಷರು, ಕಾರ್ಯದರ್ಶಿ, ದಾನಿಗಳು, ಮನೆಯ ಯಜಮಾನರು: ಎಲ್ಲರೂ ವಯಸ್ಕರೇ. ಶಾಲಾಮಕ್ಕಳಿಗೆ ಚಿತ್ರಕಲೆಯ ಸ್ಪರ್ಧೆ ಏರ್ಪಡಿಸಿ ಬಹುಮಾನ ಹಂಚುವ ಇವರು, ತಾವೇ ಒಮ್ಮೆ ಅಂಗೈಯಗಲದಷ್ಟು ಕೆಂಪನ್ನು ಕೆರೆದು ಒಂದು ದಳವನ್ನು ಎಬ್ಬಿಸಿದ್ದರೆ, ಹಳೆಯ ಗೋಡೆಗೆ ಗುದ್ದಲಿ ಹಾಕಿಸುವ ಮುನ್ನ ಒಂದು ಗಳಿಗೆ ನಿಂತು ನೋಡದೆ ಇರಲಾರರು. ಕೂಟವನ್ನು ಮಕ್ಕಳಿಗಿಂತ ಮೊದಲು ದೊಡ್ಡವರಿಗೆ ಏರ್ಪಡಿಸಬೇಕೆಂದು ನಾನು ಹೇಳುವುದು ಇದಕ್ಕಾಗಿ. ಕರೆಯುವವರ ಪಟ್ಟಿಯಲ್ಲಿ ಊರಿನ ಇಂತಹ ಇಬ್ಬರಾದರೂ ಇರಲಿ. ಒಬ್ಬ ಗಾರೆ ಮೇಸ್ತ್ರಿಯೂ ಇರಲಿ, ಕೆಲಸಗಾರನಾಗಿ ಅಲ್ಲ, ಅತಿಥಿಯಾಗಿ.

ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯದು. ಮಳೆಗಾಲದಲ್ಲಿ ಗಾರೆ ಬಿಗಿಯುವುದೇ ಇಲ್ಲ. ಬೇಸಗೆಯಲ್ಲಿ ಬೇಗ ಒಣಗಿ ಬಿರಿಯುತ್ತದೆ. ಸ್ಥಳಕ್ಕೆ ನೆರಳಿನ ಚಾವಡಿ ಅಥವಾ ಗಾಳಿ ಹೆಚ್ಚು ನುಗ್ಗದ ಜಗಲಿ ಸಾಕು. ಕಾಪುವಿನ ದೀಪಸ್ತಂಭದ ಬುಡದಲ್ಲಿ, ಕಡಲ ಎದುರಿನಲ್ಲಿ ಕೂಡಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನೋಟಕ್ಕೆ ಅದು ಸೊಗಸು, ಆದರೆ ಕಡಲಗಾಳಿ ಕೆಂಪು ಪದರವನ್ನು ನಾವು ಕಂಟ ಹಿಡಿಯುವ ಮೊದಲೇ ಒಣಗಿಸೀತು. ಸಂಜೆಯ ಚಹಾಕ್ಕೆ ಅಲ್ಲಿಗೆ ಹೋಗಬಹುದು. ಮಣಿಪಾಲದ ಮುರಕಲ್ಲ ಗುಡ್ಡದ ಕಡೆ ಕೂಡುವವರಿಗೆ ಮಾತ್ರ ಒಂದು ಅನುಕೂಲ: ಕಾಲಡಿಯ ಕೆಮ್ಮಣ್ಣನ್ನೇ ತೋರಿಸಿ ಕೆಂಪಿನ ಪಾಠವನ್ನು ಆರಂಭಿಸಬಹುದು.

ಸಲಕರಣೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೂಟಗಳು ಕೆಡುವುದು ಉತ್ಸಾಹದ ಕೊರತೆಯಿಂದಲ್ಲ, ಬಕೆಟ್ಟಿನ ಕೊರತೆಯಿಂದ. ಗೋಡೆಯ ಬದಲು ಒಬ್ಬೊಬ್ಬರಿಗೂ ಒಂದಡಿ ಚೌಕದ, ನುಣುಪು ಮಾಡದ ಚಪ್ಪಟೆ ಮಣ್ಣಿನ ಹಂಚು. ಹಂಚನ್ನು ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿಡಬೇಕು. ಒಣಹಂಚು ಗಾರೆಯ ನೀರನ್ನು ಹೀರಿ ಪದರ ಕಳಚುವಂತೆ ಮಾಡುತ್ತದೆ. ಚೆನ್ನಾಗಿ ಅರಳಿಸಿ, ಹಲವು ದಿನ ನೀರಿನಲ್ಲಿ ನೆನೆಸಿದ ಸುಣ್ಣ ಒಂದು ಪಾಲು, ಸಣ್ಣ ಜರಡಿ ಹಿಡಿದ ಹೊಳೆಯ ಹೊಯಿಗೆ ಎರಡು ಪಾಲು, ಕಲಸಲು ಬೆಲ್ಲದ ನೀರು. ಕಡಲ ಹೊಯಿಗೆ ಉಪ್ಪಿನದು, ಬೇಡ. ಮರುವಾಯಿ ಚಿಪ್ಪು ಸುಟ್ಟ ಸುಣ್ಣ ಸಿಕ್ಕಿದರೆ ಉತ್ತಮ. ಬಿಳಿ ಪದರ ಅರ್ಧ ಅಂಗುಲ ದಪ್ಪವೆಂದು ಹಿಡಿದರೆ ೧೨ ಹಂಚುಗಳಿಗೆ ಸುಮಾರು ೧೪ ಲೀಟರು ಗಾರೆ ಬೇಕು. ಕೆಂಪು ಪದರ ೩ ಮಿಲಿಮೀಟರಿನದಾದರೆ ಮೂರೂವರೆ ಲೀಟರು. ಬಿಳಿಯನ್ನು ಹಿಂದಿನ ದಿನವೇ ಎಳೆದು, ಮೇಲ್ಮೈಯನ್ನು ಸ್ವಲ್ಪ ಒರಟಾಗಿ ಬಿಟ್ಟು ಒದ್ದೆ ಗೋಣಿ ಹೊದಿಸಿಡಬೇಕು. ಕೆಂಪನ್ನು ಕೂಟದ ಬೆಳಿಗ್ಗೆ, ಜನ ಬರುವ ಒಂದು ಗಂಟೆ ಮೊದಲು ಎಳೆದು ಕರಣೆಯಿಂದ ನಯ ಮಾಡಿದರಾಯಿತು. ಕಂಟಕ್ಕೆ ಹಳೆಯ ಕೊಡೆಯ ಕಡ್ಡಿಯನ್ನು ತುಂಡರಿಸಿ ತುದಿ ಉಜ್ಜಿದರೆ ಸಾಕು. ಮಳೆನಾಡಿನ ನಮ್ಮ ಮನೆಗಳಲ್ಲಿ ಮುರಿದ ಕೊಡೆಗೆ ಬರವೇ?

ಸುಣ್ಣವು ಸಾಧುವಾದ ವಸ್ತುವಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವ ಕೆಲಸವನ್ನು ಕೂಟದಲ್ಲಿ ಎಂದೂ ಮಾಡಕೂಡದು. ಅದು ಕುದಿದು ಸಿಡಿಯುತ್ತದೆ. ಅರಳಿದ ಸುಣ್ಣವೂ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಆದ್ದರಿಂದ ಎಲ್ಲರಿಗೂ ರಬ್ಬರಿನ ಕೈಚೀಲ, ಕಣ್ಣಿಗೆ ಮುಚ್ಚುಕನ್ನಡಕ ಇರಲೇಬೇಕು. ಶುದ್ಧವಾದ ನೀರು ತುಂಬಿದ ಬಕೆಟ್ಟು, ಚೆಂಬುಗಳು ಕೈಗೆಟಕುವಲ್ಲಿರಲಿ. ಕಣ್ಣಿಗೆ ತಾಗಿದರೆ ಉಜ್ಜದೆ, ೨೦ ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರು ಹರಿಸಿ ತೊಳೆದು, ನೇರ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದನ್ನು ಮೊದಲ ಐದು ನಿಮಿಷದಲ್ಲೇ ನಗೆಯಿಲ್ಲದೆ ಹೇಳಿಬಿಡಬೇಕು. ಆಮೇಲೆ ನಗಲು ಬೇಕಾದಷ್ಟು ಹೊತ್ತಿದೆ.

ಜನ ಕುಳಿತ ಮೇಲೆ ವ್ಯವಸ್ಥಾಪಕನು ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಬಾರದು. ಒಂದು ಹಂಚಿನ ಮೇಲೆ ಕೈವಾರದಿಂದ ಒಂದು ವೃತ್ತ ಎಳೆದು, ಅದೇ ಅಳತೆಯಲ್ಲಿ ಆರು ಸಲ ಸುತ್ತಿದರೆ ಆರು ದಳದ ಹೂವಾಗುತ್ತದೆ. ದಳದ ನಡುವಿನ ಕೆಂಪನ್ನು ಕೆರೆದು ತೋರಿಸಿದರೆ ಪಾಠ ಮುಗಿಯಿತು. ಚಿತ್ರ ಬರೆಯಲು ಬಾರದೆಂಬವರಿಗೆ ಈ ಕೈವಾರವೇ ಊರುಗೋಲು. ಬಳ್ಳಿ, ಹಂಸ ಬೇಕೆಂಬವರು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯಲ್ಲಿ ಕಟ್ಟಿದ ಇದ್ದಲ ಪುಡಿಯನ್ನು ಮೇಲೆ ತಟ್ಟಿದರೆ ಹಂಚಿನ ಮೇಲೆ ಚುಕ್ಕಿಯ ಗೆರೆ ಮೂಡುತ್ತದೆ. ದಿನವೂ ಅಂಗಳದಲ್ಲಿ ರಂಗವಲ್ಲಿ ಇಡುವ ಹೆಂಗಸರಿಗೆ ಇದೊಂದೂ ಬೇಡ. ನಿಜವಾಗಿ ಕೂಟದ ಗುರುಗಳು ಅವರೇ ಆಗುತ್ತಾರೆ. "ನಮಗೇನು ಬರುತ್ತದೆ ಮಾರಾಯ್ರೆ" ಎನ್ನುತ್ತಲೇ ಕೈವಾರದ ಹಂಗಿಲ್ಲದೆ ಎಂಟು ದಳ ಎಬ್ಬಿಸಿರುತ್ತಾರೆ. ಹಿಡಿ ತಪ್ಪಿ ಕೆಂಪು ಹೆಚ್ಚಾಗಿ ಹೋದರೆ ಒಂದು ಚಿಟಿಕೆ ಕೆಂಪು ಗಾರೆಯನ್ನು ಒತ್ತಿ ನಯ ಮಾಡಬಹುದು, ಹಂಚು ಹಸಿಯಿರುವವರೆಗೆ. ಗಡುವು ಬೇರೆ ಇಡಬೇಕಾಗಿಲ್ಲ. ಎರಡು ಮೂರು ಗಂಟೆಯಲ್ಲಿ ಗಾರೆಯೇ ಬಿಗಿದು ಸಾಕೆನ್ನುತ್ತದೆ.

ಗಂಡಹೆಂಡಿರನ್ನು ಅಕ್ಕಪಕ್ಕ ಕೂರಿಸಬಾರದು. ಒಬ್ಬರು ಇನ್ನೊಬ್ಬರ ಹಂಚನ್ನು ತಿದ್ದತೊಡಗುತ್ತಾರೆ. ನಿವೃತ್ತ ಉಪಾಧ್ಯಾಯರು ಬಂದಿದ್ದರೆ ಅವರನ್ನು ಅವರ ಹಳೆಯ ಶಿಷ್ಯರಿಂದ ದೂರ ಕೂರಿಸುವುದು ಇಬ್ಬರಿಗೂ ಕ್ಷೇಮ. ಮೊಬೈಲುಗಳನ್ನು ಒಂದು ಹೆಡಿಗೆಯಲ್ಲಿ ಹಾಕಿಟ್ಟರೆ ಒಳ್ಳೆಯದು. ಸುಣ್ಣದ ಕೈಗೆ ಅವೂ ಬೇಡ. ಬಹುಮಾನ, ಪ್ರಶಸ್ತಿಪತ್ರ, ಅಧ್ಯಕ್ಷ ಭಾಷಣ ಯಾವುದೂ ಬೇಡ. ಗೋಳಿಬಜೆ, ಚಹಾ ಬೇರೆ ಕೋಣೆಯಲ್ಲಿರಲಿ. ಕೈ ತೊಳೆದೇ ಒಳಗೆ ಹೋಗಬೇಕು. ಕೊನೆಯಲ್ಲಿ ಹಂಚುಗಳನ್ನು ಗೋಡೆಗೊರಗಿಸಿ ಸಾಲಾಗಿಟ್ಟು ಎಲ್ಲರೂ ಎದ್ದುನಿಂತು ನೋಡುವುದು ಮಾತ್ರ ತಪ್ಪಬಾರದು. ಮುಖ ಬರೆದು ಮುಗಿಸಿದ ವೇಷ ರಂಗಕ್ಕೆ ಬರಲೇಬೇಕಷ್ಟೆ. ಮೇಸ್ತ್ರಿಯು ಒಂದೊಂದು ಹಂಚಿನ ಅಂಚನ್ನು ಬೆರಳಿನಿಂದ ಮುಟ್ಟಿ ಏನು ಹೇಳುತ್ತಾನೆಂಬುದನ್ನು ಆಗ ಕೇಳಿಸಿಕೊಳ್ಳಬೇಕು.

ಹಂಚು ಗಾರೆ ಸೇರಿ ಐದಾರು ಕಿಲೋ ತೂಗುತ್ತದೆ. ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ಒಯ್ಯಬೇಕು. ಒಂದು ವಾರ ನೆರಳಿನಲ್ಲಿಟ್ಟು ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು, ಬಿಸಿಲಿಗೆ ಇಡಕೂಡದು. ಗಾರೆ ಸ್ವಲ್ಪ ಬಿಗಿದಾಗ ಹೊಳೆಯ ನುಣುಪುಗಲ್ಲಿನಿಂದ ಕೆಂಪನ್ನು ಮೆಲ್ಲಗೆ ಉಜ್ಜಿದರೆ ಹೊಳಪು ಬರುತ್ತದೆ. ಮಿಕ್ಕ ಸುಣ್ಣವನ್ನು ಚರಂಡಿಗೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ನಾಲ್ಕು ಬೆರಳು ನೀರು ನಿಲ್ಲಿಸಿ, ಮಕ್ಕಳ ಕೈಗೆ ಸಿಗದಲ್ಲಿ ಇಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ನೆನೆದಷ್ಟೂ ಅದು ಬೆಣ್ಣೆಯಂತಾಗಿ, ಮುಂದಿನ ನವೆಂಬರಿನ ಕೂಟಕ್ಕೆ ಹೊಸ ಸುಣ್ಣಕ್ಕಿಂತ ಚೆನ್ನಾಗಿ ಒದಗುತ್ತದೆ.