ಬಿಟ್ಟ ಸ್ಥಳ ತುಂಬುವ ಮನಸ್ಸು

ಪ್ರಾಥಮಿಕ ಶಾಲೆಯಿಂದಲೂ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆಗೆ ಉತ್ತರಿಸುತ್ತ ಬಂದವರು ನಾವು. ಅಲ್ಲಿ ಬಿಟ್ಟ ಸ್ಥಳವಾದರೂ ಕಣ್ಣಿಗೆ ಕಾಣುತ್ತದೆ, ಗೆರೆ ಎಳೆದಿರುತ್ತಾರೆ. ನಮ್ಮ ಮನಸ್ಸಾದರೋ ಹಗಲಿರುಳೂ ಇದೇ ಪರೀಕ್ಷೆಯನ್ನು ಬರೆಯುತ್ತಿದ್ದರೂ ಗೆರೆಯನ್ನು ಮಾತ್ರ ನಮಗೆ ತೋರಿಸುವುದಿಲ್ಲ.

ವಾಚಕರು ಈಗಲೇ ಪರೀಕ್ಷಿಸಬಹುದು. ಬಿಳಿಯ ಕಾಗದದ ಎಡಗಡೆ ಒಂದು ಕೂಡುವ ಗುರುತನ್ನೂ, ಅದರಿಂದ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಒಂದು ಚುಕ್ಕೆಯನ್ನೂ ಹಾಕಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ದಿಟ್ಟಿಸುತ್ತ ಕಾಗದವನ್ನು ಮೆಲ್ಲನೆ ಹಿಂದೆ ಮುಂದೆ ಸರಿಸಿರಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರವು ಕಣ್ಣಿನಿಂದ ಹೊರಡುವ ಸ್ಥಳದಲ್ಲಿ ಬೆಳಕನ್ನು ಗ್ರಹಿಸುವ ಜೀವಕೋಶಗಳಿಲ್ಲ. ಆದರೂ ಅಲ್ಲೊಂದು ತೂತು ಕಾಣುವುದಿಲ್ಲ, ಬಿಳಿಯ ಕಾಗದವೇ ಕಾಣುತ್ತದೆ!

ಕಿವಿಯದೂ ಇದೇ ಕಥೆ. 1970ರಲ್ಲಿ ಅಮೆರಿಕದ ರಿಚರ್ಡ್ ವಾರನ್ ಎಂಬ ಮನಶ್ಶಾಸ್ತ್ರಜ್ಞರು ಧ್ವನಿಮುದ್ರಿತ ವಾಕ್ಯವೊಂದರಿಂದ ಒಂದು ಸಕಾರವನ್ನು ಕತ್ತರಿಸಿ ತೆಗೆದು, ಅಲ್ಲಿ ಕೆಮ್ಮಿನ ಸದ್ದನ್ನು ಸೇರಿಸಿದರು. ಕೇಳಿದ 20 ಮಂದಿಯಲ್ಲಿ 19 ಮಂದಿ ಯಾವ ಧ್ವನಿಯೂ ಬಿಟ್ಟುಹೋಗಿಲ್ಲವೆಂದರು. ಕೆಮ್ಮಿನ ಬದಲು ಮೌನವಿದ್ದಾಗ ಲೋಪ ಸುಲಭವಾಗಿ ತಿಳಿಯಿತು.

ನೆನಪಿನ ವಿಷಯ ಇನ್ನೂ ಗಹನ. ಕೇಂಬ್ರಿಜ್ಜಿನ ಬಾರ್ಟ್‌ಲೆಟ್ಟರು ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ದಿನಗಳು ಕಳೆದಂತೆ ನೆನಪಿನಿಂದ ಬರೆಯಿಸಿದರು. ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಕೆಲವರಲ್ಲಿ ಮೀನು ಹಿಡಿಯುವುದಾಯಿತು. ಅರ್ಥವಾಗದ ಭೂತಗಳು ಕೆಲವರ ಕಥೆಯಿಂದಲೇ ಹೊರಟುಹೋದವು. ಅವರು ಸುಳ್ಳು ಬರೆದವರಲ್ಲ. ತೆರವಾದಲ್ಲಿ ತಮಗೆ ಪರಿಚಯವಿದ್ದುದನ್ನು ತುಂಬಿದರು, ತುಂಬಿದುದನ್ನೇ ಓದಿದೆವೆಂದು ನಂಬಿದರು. 1932ರಲ್ಲಿ ಪ್ರಕಟವಾದ ಅವರ ಗ್ರಂಥದ ಈ ಭಾಗವನ್ನು ಓದುವಾಗ ನನಗೆ ನಮ್ಮೂರೇ ಕಣ್ಣಮುಂದೆ ಬಂತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಕಾಗದಪತ್ರಗಳೆಲ್ಲ ನನ್ನ ಕೈಗೇ ಬರುತ್ತವೆ. ಕಳೆದ ಬೇಸಗೆಯಲ್ಲಿ ಅಜ್ಜನ ಕಾಲದ ಪಾಲುಪಟ್ಟಿಯನ್ನು ಓದಿಸಲು ಅಪ್ಪನೂ ದೊಡ್ಡಪ್ಪನೂ ಕೂಡಿ ಕುಳಿತರು. ಬದುವಿನ ಹುಣಿಸೇಮರ ಯಾರದೆಂಬುದು ವಿವಾದ. ಮರದ ಮಾತು ಬರುವ ಸಾಲನ್ನೇ ಗೆದ್ದಲು ತಿಂದಿತ್ತು. ಓದುಬರೆಹ ಬಾರದ ಇಬ್ಬರಿಗೂ, ಎಂದೋ ಯಾರೋ ಓದಿಹೇಳಿದಾಗ ಕೇಳಿದ್ದ ಆ ಎರಡು ಮೂರು ಪದಗಳು ಸ್ಪಷ್ಟವಾಗಿ ನೆನಪಿದ್ದುವು. ಆದರೆ ಒಬ್ಬರದು ಇನ್ನೊಬ್ಬರದಕ್ಕೆ ವಿರುದ್ಧ. ಇಬ್ಬರೂ ದೇವರಾಣೆ ಮಾಡಿದರು. ಇಬ್ಬರ ಮುಖದಲ್ಲಿಯೂ ನನಗೆ ಕಪಟ ಕಾಣಲಿಲ್ಲ.

ಶಾಸನಗಳನ್ನು ಪ್ರಕಟಿಸುವ ವಿದ್ವಾಂಸರು ಅಳಿದ ಅಕ್ಷರಗಳಿಗೆ ಚುಕ್ಕೆಗಳನ್ನಿಡುತ್ತಾರೆ, ಊಹಿಸಿದ ಅಕ್ಷರಗಳನ್ನು ಕಂಸದೊಳಗೆ ಹಾಕುತ್ತಾರೆ. ಚರಿತ್ರೆಯ ತರಗತಿಯಲ್ಲಿ ಕಲಿತ ಈ ಪದ್ಧತಿಯಂತೆ ಪಾಲುಪಟ್ಟಿಯನ್ನು ಹೊಸ ಹಾಳೆಗೆ ಪ್ರತಿಮಾಡಿ, ಗೆದ್ದಲು ತಿಂದಲ್ಲಿ ಚುಕ್ಕೆಗಳನ್ನಿಟ್ಟು, “ಇಲ್ಲಿ ಅಕ್ಷರವಿಲ್ಲ” ಎಂದು ಓದಿದೆ. “ಇಷ್ಟು ವರ್ಸ ಓದ್ಸಿದ್ದು ಚುಕ್ಕೆ ಓದಕ್ಕೇನ್ಲಾ?” ಎಂದು ದೊಡ್ಡಪ್ಪ ಎದ್ದುಹೋದರು. ಅಪ್ಪನಿಗೂ ಸಮಾಧಾನವಾದಂತೆ ತೋರಲಿಲ್ಲ. ಮರದ ವಿವಾದ ಇನ್ನೂ ತೀರಿಲ್ಲ. ಈ ವರ್ಷದ ಹಣ್ಣನ್ನು ಮಾತ್ರ ಎರಡು ಪಾಲು ಮಾಡಿಕೊಂಡರು.