ಘಟ್ಟ ಹತ್ತುವ ಮುನ್ನ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಕಲ್ಯಾಣ, ಡೊಂಬಿವಲಿಗಳ ನಿವಾಸಿಗಳಾದ ನಮಗೆ ಈ ಗಾದೆಯು ಕಿವಿಗೆ ಕೇಳುವುದಷ್ಟೇ ಅಲ್ಲ, ಕಣ್ಣಿಗೂ ಕಾಣುತ್ತದೆ. ಮಳೆ ಹಿಂದೆಗೆದು ಆಕಾಶ ತಿಳಿಯಾದ ದಿನ ಮನೆಯ ಮಾಳಿಗೆಯ ಮೇಲೆ ನಿಂತು ನೋಡಿದರೆ ಮಲಂಗಗಡದ ಕೋಡುಗಳೂ ಮಾಥೇರಾನದ ಬೆಟ್ಟದ ಸಾಲೂ ನೀಲಿ ಗೆರೆ ಎಳೆದಂತೆ ತೋರುತ್ತವೆ. ಆ ನೋಟವು ಮನಸ್ಸನ್ನು ಸೆಳೆಯುವುದು ಸಹಜ. ಆದುದರಿಂದಲೇ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಹವ್ಯಾಸಿ ಸೈಕಲ್ ಸವಾರರು ರಜೆಯ ದಿನಗಳಲ್ಲಿ ಗುಂಪುಗೂಡಿ ಸಹ್ಯಾದ್ರಿಯ ಕಡೆಗೆ ಹೊರಡುತ್ತಾರೆ. ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿಯೂ ಈ ಆಸೆ ಇರುವುದು ಸಂತೋಷದ ವಿಷಯ.

ಆದರೆ ಆಸೆ ಬೇರೆ, ಅಳತೆ ಬೇರೆ. ಘಟ್ಟದ ಪ್ರವಾಸವನ್ನು ಕಾಲಿನಿಂದ ತುಳಿಯುವ ಮುನ್ನ ಕಾಗದದ ಮೇಲೆ ಒಮ್ಮೆ ತುಳಿದು ನೋಡಬೇಕು. ನಾವು ತರಗತಿಯಲ್ಲಿ ಕಲಿಯುವ ಗಣಿತ, ವಿಜ್ಞಾನ, ಭೂಗೋಳಗಳೇ ಈ ಕೆಲಸಕ್ಕೆ ಸಾಕಾಗುತ್ತವೆ. ಅದು ಹೇಗೆಂಬುದನ್ನು ಒಂದು ಉದಾಹರಣೆಯ ಮೂಲಕ ವಿಚಾರಿಸೋಣ.

ಮಾರ್ಗದ ಆಯ್ಕೆ

ನಮ್ಮ ಊರುಗಳಿಂದ ಘಟ್ಟವನ್ನು ಹತ್ತಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು ಪನವೇಲ, ಖೋಪೋಲಿಗಳ ಮೇಲಾಗಿ ಲೋಣಾವಳಕ್ಕೆ ಹೋಗುವ ಬೋರ್ ಘಾಟ್. ಇಲ್ಲಿ ಮುಂಬಯಿ-ಪುಣೆ ವೇಗಮಾರ್ಗದಲ್ಲಿ ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಹಳೆಯ ರಸ್ತೆಯಲ್ಲಿಯೇ ಹೋಗಬೇಕು. ಮುಂಬಯಿ-ಪುಣೆ ಸೈಕಲ್ ಪಂದ್ಯದಲ್ಲಿ ಈ ಘಟ್ಟವನ್ನು ಎಲ್ಲರಿಗಿಂತ ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’, ಎಂದರೆ ಘಟ್ಟದ ರಾಜ, ಎಂಬ ಬಿರುದು ಸಲ್ಲುತ್ತದೆ. ಎರಡನೆಯದು ಶಹಾಪುರ, ಕಸಾರಾಗಳ ಮೇಲಾಗಿ ಇಗತಪುರಿಗೆ ಏರುವ ಥಳ್ ಘಾಟ್. ಇದು ನಾಸಿಕದ ಹೆದ್ದಾರಿಯಾದುದರಿಂದ ಲಾರಿಗಳ ಸಂಚಾರ ಬಹಳ. ಮೂರನೆಯದು ಕಲ್ಯಾಣದಿಂದ ಮುರಬಾಡ, ಟೋಕಾವಡೆಗಳ ಮೇಲಾಗಿ ಹೋಗುವ ಮಾಳಶೇಜ್ ಘಾಟ್. ಈ ರಸ್ತೆಯು ಮುಂದೆ ಅಹಿಲ್ಯಾನಗರಕ್ಕೆ ಹೋಗುತ್ತದೆ. ಕಲ್ಯಾಣದಿಂದ ಘಟ್ಟದ ಮೇಲಕ್ಕೆ ಸುಮಾರು 85 ಕಿ.ಮೀ.; ಎತ್ತರ ಸಮುದ್ರಮಟ್ಟದಿಂದ ಸುಮಾರು 700 ಮೀಟರು. ಮೂರರಲ್ಲಿ ಸೊಬಗು ಹೆಚ್ಚಾಗಿರುವುದು ಇದರಲ್ಲಿಯೇ ಎಂದು ಬಹುಮಂದಿ ಹೇಳುತ್ತಾರೆ. ಗದ್ದೆಗಳು, ಹಳ್ಳಿಗಳು, ಗೋಡೆಯಂತೆ ನಿಂತ ಕರಿಗಲ್ಲಿನ ಬೆಟ್ಟಗಳು, ಮೇಲೆ ಪಿಂಪಳಗಾವ್ ಜೋಗಾ ಜಲಾಶಯ, ಹರಿಶ್ಚಂದ್ರಗಡದ ನೋಟ ಎಲ್ಲವೂ ಈ ದಾರಿಯಲ್ಲಿವೆ. ಆದುದರಿಂದ ಇದನ್ನೇ ನಮ್ಮ ಉದಾಹರಣೆಗೆ ಆರಿಸಿಕೊಳ್ಳೋಣ.

ಈ ದಿಕ್ಕಿನಲ್ಲಿ ಘಟ್ಟ ಹತ್ತಿದವರಲ್ಲಿ ನಾವೇ ಮೊದಲಿಗರಲ್ಲ. ನಮ್ಮ ಕಲ್ಯಾಣವು ಬಸವಣ್ಣನವರ ಕಲ್ಯಾಣವಲ್ಲ. ಇದು ಪ್ರಾಚೀನವಾದ ಒಂದು ಬಂದರು. ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ಇಳಿದ ಸರಕನ್ನು ಮಾಳಶೇಜಿಗೆ ಸಮೀಪದ ನಾಣೇಘಾಟಿನ ಮೂಲಕ ಜುನ್ನರಕ್ಕೆ ಸಾಗಿಸುತ್ತಿದ್ದರು. ಅಲ್ಲಿನ ಗುಹೆಯಲ್ಲಿ ಶಾತವಾಹನರ ಕಾಲದ ಬ್ರಾಹ್ಮೀ ಶಾಸನವು ಇಂದಿಗೂ ಇದೆ. ಹೊರೆಯ ತೂಕ, ಏರಿನ ಕಡಿದು, ಹಗಲಿನ ಉದ್ದ ಇವುಗಳನ್ನು ಅಳೆಯದೆ ಆ ವರ್ತಕರೂ ಹೆಜ್ಜೆ ಇಟ್ಟಿರಲಾರರು.

ಏರಿನ ಲೆಕ್ಕ

ಹವ್ಯಾಸಿಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕಿಲೋಮೀಟರು?’ ಎಂಬುದು. ಘಟ್ಟದ ಪ್ರವಾಸದಲ್ಲಿ ಈ ಪ್ರಶ್ನೆ ಅರ್ಧ ಮಾತ್ರ. ‘ಎಷ್ಟು ಮೀಟರು ಮೇಲಕ್ಕೆ?’ ಎಂಬುದು ಉಳಿದ ಅರ್ಧ.

ಸವಾರನೂ ಸೈಕಲ್ಲೂ ಕೂಡಿ 75 ಕಿಲೋಗ್ರಾಂ ಭಾರವೆಂದು ಇಟ್ಟುಕೊಳ್ಳಿರಿ. ಲೆಕ್ಕದ ಅನುಕೂಲಕ್ಕಾಗಿ 10 ಕಿ.ಮೀ. ರಸ್ತೆಯಲ್ಲಿ 600 ಮೀಟರು ಏರಬೇಕೆಂದು ಭಾವಿಸೋಣ. ಈ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಕೆಲಸ 75 × 9.8 × 600, ಅಂದರೆ 4,41,000 ಜೂಲುಗಳು. ವಿಶೇಷ ಸಾಧನೆ ಇಲ್ಲದ ಒಬ್ಬ ತರುಣನು ಬಹಳ ಹೊತ್ತಿನವರೆಗೆ 100 ವ್ಯಾಟಿನಷ್ಟು ಶಕ್ತಿಯನ್ನು ಪೆಡಲಿಗೆ ಕೊಡಬಲ್ಲನೆಂದು ಹಿಡಿದರೆ, 4,410 ಸೆಕೆಂಡುಗಳು, ಎಂದರೆ ಸುಮಾರು 74 ನಿಮಿಷಗಳು, ಈ ಎತ್ತುವ ಕೆಲಸಕ್ಕೇ ಹೋಗುತ್ತವೆ. ವೇಗವು ಗಂಟೆಗೆ ಸುಮಾರು 8 ಕಿ.ಮೀ. ಆಯಿತು. ಬಯಲಿನಲ್ಲಿ ಅದೇ ಶ್ರಮದಿಂದ ಅವನು ಗಂಟೆಗೆ 20 ಕಿ.ಮೀ. ಸಮೀಪಿಸಬಲ್ಲನು. ಆದುದರಿಂದ ಘಟ್ಟದ 10 ಕಿ.ಮೀ. ಬಯಲಿನ 25 ಕಿ.ಮೀ.ಗೆ ಸಮವೆಂದು ತಿಳಿಯತಕ್ಕದ್ದು.

ಕಸಾರಾ ಅಥವಾ ಕರ್ಜತಿನ ಮೇಲಾಗಿ ದೂರದ ರೈಲಿನಲ್ಲಿ ಹೋದವರು, ಘಟ್ಟದ ಬುಡದಲ್ಲಿ ಅನೇಕ ರೈಲುಗಳಿಗೆ ಹಿಂದಿನಿಂದ ನೂಕುವ ಎಂಜಿನುಗಳನ್ನು ಜೋಡಿಸುವುದನ್ನು ಕಂಡಿರಬಹುದು. ಆ ಹಳಿಗಳ ಅತ್ಯಂತ ಕಡಿದಾದ ಏರು 37 ಮೀಟರಿಗೆ 1 ಮೀಟರು ಮಾತ್ರ. ನಮ್ಮ ಲೆಕ್ಕದ ರಸ್ತೆಯ ಏರು 17 ಮೀಟರಿಗೆ 1 ಮೀಟರು. ನಮಗೆ ಹಿಂದಿನಿಂದ ನೂಕುವ ಎಂಜಿನಿಲ್ಲ. ಹಲ್ಲುಚಕ್ರಗಳ ಸಹಾಯವೊಂದೇ ಇದೆ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 22 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯು ಎರಡು ಸುತ್ತು ತಿರುಗಿ, ಸೈಕಲ್ಲು ಸುಮಾರು 4.2 ಮೀಟರು ಮುಂದುವರಿಯುತ್ತದೆ. ಆಗ ಏರಿನಲ್ಲಿ ಸುಮಾರು 25 ಸೆಂಟಿಮೀಟರು ಮೇಲೇರಿದಂತಾಯಿತು. ಎರಡಕ್ಕೂ 28 ಹಲ್ಲುಗಳಿದ್ದರೆ ಏರುವುದು ಅದರ ಅರ್ಧ ಮಾತ್ರ. ಒಂದೇ ಮಾಳಿಗೆಗೆ ಎತ್ತರದ ಮೆಟ್ಟಿಲುಗಳಿಂದ ಹತ್ತುವುದಕ್ಕೂ ತಗ್ಗಾದ ಮೆಟ್ಟಿಲುಗಳಿಂದ ಹತ್ತುವುದಕ್ಕೂ ಇರುವ ಭೇದವೇ ಇದು. ಕೆಲಸ ಕಡಿಮೆಯಾಗುವುದಿಲ್ಲ, ಆದರೆ ಮೊಣಕಾಲು ಉಳಿಯುತ್ತದೆ. ಒಂದೇ ಹಲ್ಲುಚಕ್ರದ ಸಾಧಾರಣ ಸೈಕಲ್ಲಿನವನು ಘಟ್ಟದಲ್ಲಿ ಇಳಿದು ನೂಕಿಕೊಂಡು ಹೋಗಬೇಕಾಗಬಹುದೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಂಡದ ವೇಗ

ಒಬ್ಬನು ಗಂಟೆಗೆ 20 ಕಿ.ಮೀ. ಹೋಗುತ್ತಾನೆ, ಇನ್ನೊಬ್ಬನು 15 ಕಿ.ಮೀ. ಹೋಗುತ್ತಾನೆ. ಇಬ್ಬರೂ ಕೂಡಿ ಹೊರಟರೆ ವೇಗವೆಷ್ಟು? ಹದಿನೇಳೂವರೆ ಎಂದು ಉತ್ತರ ಕೊಡುವವನು ಸರಾಸರಿಯನ್ನು ಬಲ್ಲನು, ಸ್ನೇಹವನ್ನು ಅರಿಯನು. ತಂಡದ ವೇಗವು ಅದರಲ್ಲಿ ಎಲ್ಲರಿಗಿಂತ ನಿಧಾನವಾದವನ ವೇಗವೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿಯೂ ಸಲ್ಲುತ್ತದೆ. ಇಲ್ಲಿ ಹಾಸಿಗೆ ಎಂದರೆ ಕೊನೆಯವನ ಕಾಲಿನ ಬಲ.

ವಿಶ್ರಾಂತಿಯ ಲೆಕ್ಕವೂ ಹೀಗೆಯೇ. ಹತ್ತು ಜನ ಒಂದೇ ಕಡೆ ಹತ್ತು ನಿಮಿಷ ನಿಂತರೆ ನಷ್ಟ ಹತ್ತೇ ನಿಮಿಷ. ಒಬ್ಬನು ನೀರಿಗೆ, ಒಬ್ಬನು ಚಹಕ್ಕೆ, ಮತ್ತೊಬ್ಬನು ಛಾಯಾಚಿತ್ರಕ್ಕೆ ಎಂದು ಬೇರೆ ಬೇರೆ ಕಡೆಗಳಲ್ಲಿ ನಿಂತು, ಉಳಿದವರು ಪ್ರತಿ ಸಲವೂ ಕಾದರೆ, ನೂರು ನಿಮಿಷಗಳು ಹೋಗುತ್ತವೆ. ಆದುದರಿಂದ ನಿಲ್ಲುವ ಸ್ಥಳಗಳನ್ನು ಮನೆಯಲ್ಲಿಯೇ ಗೊತ್ತುಮಾಡಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಬಯಲಿನಲ್ಲಿ ಸವಾರನ ಮುಖ್ಯ ವೈರಿ ಗಾಳಿ. ಒಬ್ಬನ ಹಿಂದೆ ಒಬ್ಬನು ಸಾಲಾಗಿ ಹೋದರೆ ಹಿಂದಿನವರಿಗೆ ಗಾಳಿಯ ತಡೆ ತಗ್ಗುತ್ತದೆ. ಬಲವುಳ್ಳವರು ಸರದಿಯಂತೆ ಮುಂದೆ ನಿಂತು ದುರ್ಬಲರನ್ನು ಕಾಪಾಡಬಹುದು. ಆದರೆ ಘಟ್ಟದಲ್ಲಿ ವೇಗವೇ ಇಲ್ಲವಾದುದರಿಂದ ಗಾಳಿಯ ತಡೆಯೂ ಅತ್ಯಲ್ಪ. ವೈರಿಯು ಭೂಮಿಯ ಸೆಳೆತ. ಆ ಭಾರವನ್ನು ಗೆಳೆಯನು ಹೊರಲಾರನು. ಗುಂಪುಗಳು ಒಡೆಯುವುದು ಇಲ್ಲಿಯೇ. ಬಲಿಷ್ಠನು ಉತ್ಸಾಹದಿಂದ ಮುಂದೆ ಹೋಗುತ್ತಾನೆ. ದುರ್ಬಲನು ನಾಚಿಕೆಯಿಂದ ತನ್ನ ಶಕ್ತಿಯನ್ನು ಮೀರಿ ತುಳಿದು ಕಂಗೆಡುತ್ತಾನೆ. ಘಟ್ಟದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಗತಿಯಲ್ಲಿಯೇ ಏರಬೇಕು. ಗೊತ್ತಾದ ಸ್ಥಳದಲ್ಲಿ ಎಲ್ಲರೂ ಕೂಡಬೇಕು. ಎಲ್ಲರಿಗಿಂತ ಅನುಭವಿಯಾದವನು ಎಲ್ಲರಿಗಿಂತ ಹಿಂದೆ ಬರಬೇಕು. ಮುಂದಾಳು ಎಂಬ ಮಾತಿಗೆ ಘಟ್ಟದಲ್ಲಿ ಅರ್ಥ ತಿರುಗುತ್ತದೆ.

ಋತು ಮತ್ತು ಹಗಲು

ಮಾಳಶೇಜಿನ ಸೊಬಗು ತುಂಬಿ ತುಳುಕುವುದು ಆಷಾಢ ಶ್ರಾವಣಗಳಲ್ಲಿ. ಆಗ ಬಂಡೆಗಳಿಂದ ನೂರಾರು ಝರಿಗಳು ರಸ್ತೆಯ ಮೇಲೆಯೇ ಧುಮುಕುತ್ತವೆ. ಅದೇ ಕಾಲದಲ್ಲಿ ಮಂಜು ಕವಿದು ಹತ್ತು ಮಾರು ದೂರವೂ ಕಾಣದಂತಾಗುತ್ತದೆ, ಕಲ್ಲುಮಣ್ಣು ಜರಿಯುತ್ತವೆ. ಮಂಜಿನಲ್ಲಿ ಬರುವ ಲಾರಿಯ ಚಾಲಕನಿಗೆ ಸೈಕಲ್ಲು ಕಾಣುವುದು ಕೊನೆಯ ಕ್ಷಣದಲ್ಲಿ. ಸೊಬಗೂ ಅಪಾಯವೂ ಒಂದೇ ಮೋಡದಲ್ಲಿ ಬರುತ್ತವೆ. ಬೇಸಗೆಯಾದರೋ ಕರಿಗಲ್ಲು ಕಾದು ಬೆಂಕಿಯಾಗುತ್ತದೆ. ಆದುದರಿಂದ ಡಿಸೆಂಬರ್, ಜನವರಿಗಳ ತಂಪೇ ಯೋಗ್ಯ. ಆದರೆ ಆ ತಿಂಗಳುಗಳಲ್ಲಿ ಹಗಲು ಸುಮಾರು 11 ಗಂಟೆ ಮಾತ್ರ. ಡಿಸೆಂಬರಿನಲ್ಲಿ ಸಂಜೆ 6 ಗಂಟೆಯ ಸುಮಾರಿಗೆ ಸೂರ್ಯನು ಮುಳುಗುತ್ತಾನೆ.

ಈಗ ಎಲ್ಲವನ್ನೂ ಕೂಡಿಸೋಣ. ಬೆಳಿಗ್ಗೆ ಬೆಳಕು ಹರಿಯುವಾಗ, ಆರೂವರೆಗೆ, ಕಲ್ಯಾಣದಿಂದ ಹೊರಟೆವು. ಮೊದಲ 75 ಕಿ.ಮೀ.ಗೆ ಗಂಟೆಗೆ 15ರಂತೆ 5 ಗಂಟೆ. ನಡುವೆ ವಿಶ್ರಾಂತಿ 1 ಗಂಟೆ. ಘಟ್ಟದ ಬುಡವನ್ನು ಮುಟ್ಟಿದಾಗ ಹನ್ನೆರಡೂವರೆ. ಏರಿಗೆ ಒಂದೂಕಾಲು ಗಂಟೆ, ವಿಶ್ರಾಂತಿ ಅರ್ಧ ಗಂಟೆ. ಮೇಲೆ ತಲುಪಿದಾಗ ಎರಡೂಕಾಲು. ಇಳಿಯಲು ಅರ್ಧ ಗಂಟೆ. ದಣಿದ ಕಾಲಿನಿಂದ ಉಳಿದ 75 ಕಿ.ಮೀ.ಗೆ 6 ಗಂಟೆ. ವಿಶ್ರಾಂತಿ 1 ಗಂಟೆ. ಮನೆ ಸೇರಿದಾಗ ರಾತ್ರಿ ಒಂಬತ್ತೂ ಮುಕ್ಕಾಲು. ಅಂದರೆ ಹೆದ್ದಾರಿಯಲ್ಲಿ ಕತ್ತಲೆಯಲ್ಲಿ ಮೂರು ಗಂಟೆಗಳಿಗಿಂತ ಹೆಚ್ಚು ಸವಾರಿ. ಅದೂ ಒಂದು ಟಯರೂ ತೂತಾಗದಿದ್ದರೆ! ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆಯು ಹವ್ಯಾಸಿಗಳ ತಂಡಕ್ಕೆ ತಕ್ಕುದಲ್ಲವೆಂಬುದು ಮನೆಯಿಂದ ಹೊರಡದೆಯೇ ಸಿದ್ಧವಾಯಿತು.

ಇಳಿಜಾರಿನ ಎಚ್ಚರ

ಏರಿನಲ್ಲಿ ದಣಿವು, ಇಳಿಜಾರಿನಲ್ಲಿ ಅಪಾಯ. ವೇಗವು ಎರಡು ಪಾಲಾದರೆ ಬ್ರೇಕು ಹಿಡಿದು ನಿಲ್ಲಲು ಬೇಕಾಗುವ ದೂರವು ನಾಲ್ಕು ಪಾಲಾಗುತ್ತದೆ. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಏರುವಾಗ ಕೂಡಿಟ್ಟ ನಾಲ್ಕು ಲಕ್ಷ ಜೂಲುಗಳನ್ನೂ ಇಳಿಯುವಾಗ ಗಾಳಿಯೂ ಬ್ರೇಕುಗಳೂ ಕೂಡಿ ನುಂಗಬೇಕು; ಎಡೆಬಿಡದೆ ಹಿಡಿದ ಬ್ರೇಕು ಕಾದು ಸೋಲುತ್ತದೆ. ಬಿಟ್ಟು ಬಿಟ್ಟು, ತಿರುವಿಗೆ ಮೊದಲೇ ಹಿಡಿಯಬೇಕು. ಶಿರಸ್ತ್ರಾಣವಿಲ್ಲದವನನ್ನು ತಂಡಕ್ಕೆ ಸೇರಿಸಲೇಬಾರದು.

ನೀರಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ದುಡಿಯುವ ದೇಹವು ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಬೆವರು ಸುರಿಸಬಹುದು. ಉಪ್ಪು ಸಕ್ಕರೆ ಬೆರೆತ ನಿಂಬೆಯ ಪಾನಕ, ಬಾಳೆಹಣ್ಣು, ಶೇಂಗಾ ಉಂಡೆ, ಬೆಲ್ಲದ ಅವಲಕ್ಕಿ ಇವು ನಮ್ಮ ಮನೆಗಳಲ್ಲಿಯೇ ದೊರೆಯುತ್ತವೆ.

ತೀರ್ಮಾನ

ಹಾಗಾದರೆ ಪ್ರವಾಸವನ್ನೇ ಬಿಡಬೇಕೆ? ಖಂಡಿತ ಬೇಡ. ಎರಡು ದಿನಗಳ ಯೋಜನೆಯಾದರೆ ಅದು ಸಾಧ್ಯ. ಘಟ್ಟದ ಮೇಲೆ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ವಸತಿಗೃಹವಿದೆ. ಸ್ಥಳವನ್ನು ಮುಂಚಿತವಾಗಿ ಕಾದಿರಿಸಿ, ಹಿರಿಯರೊಡನೆ ಹೋಗಬೇಕು. ಅದಕ್ಕೂ ಮೊದಲು ಠಾಣೆಯ ಯೇವೂರ್ ಬೆಟ್ಟದ ಅಥವಾ ನವಿ ಮುಂಬಯಿಯ ಖಾರಘರ ಬೆಟ್ಟದ ಚಿಕ್ಕ ಏರುಗಳಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಬಳಿಕ ಕಲ್ಯಾಣದಿಂದ ಮುರಬಾಡಕ್ಕೆ ಹೋಗಿ ಬಂದು ಕೊನೆಯವನ ಕಾಲಿನ ಬಲವನ್ನು ಅಳೆಯಬೇಕು. ಚಿಕ್ಕ ತರಗತಿಗಳ ಮಕ್ಕಳು ಹೆದ್ದಾರಿಗೆ ಇಳಿಯಲೇಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿರುಗುವ ಹೊತ್ತನ್ನು ಮನೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಮಧ್ಯಾಹ್ನ ಒಂದು ಗಂಟೆಯೊಳಗೆ ಘಟ್ಟದ ಬುಡವನ್ನು ತಲುಪದಿದ್ದರೆ ಹತ್ತಕೂಡದು. ಬೆಳಕಿರುವಾಗಲೇ ಮುರಬಾಡಕ್ಕೆ ಹಿಂದಿರುಗಬೇಕು. ಬೆಟ್ಟದ ಬುಡದಲ್ಲಿ ನಿಂತು ಮಾಡುವ ತೀರ್ಮಾನವನ್ನು ಆಸೆ ಮಾಡುತ್ತದೆ. ಹಿಂದಿನ ದಿನ ಮಾಡಿದ ತೀರ್ಮಾನವನ್ನು ಬುದ್ಧಿ ಮಾಡಿರುತ್ತದೆ.

ಹಿಂದಿರುಗುವುದು ಹೇಡಿತನವಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಅದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಈ ಮೂವರು 70,000 ಕಿ.ಮೀ.ಗಳಿಗೂ ಮಿಕ್ಕಿ ಸಂಚರಿಸಿ 1928ರಲ್ಲಿ ಊರಿಗೆ ಮರಳಿದರು. ಉಳಿದ ಮೂವರು ದಾರಿಯಲ್ಲಿ ತಂಡವನ್ನು ಬಿಟ್ಟಿದ್ದರು. ಆದರೂ ಪ್ರವಾಸವು ನಿಲ್ಲಲಿಲ್ಲ. ಮಾಳಶೇಜ್ ಘಟ್ಟವು ಬರುವ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ಹತ್ತಲು ನಾವು ಹತ್ತು ಮಂದಿಯೂ ಇರಬೇಕು.

ಅಭ್ಯಾಸ

1. ಸವಾರನೂ ಸೈಕಲ್ಲೂ ಕೂಡಿ 60 ಕಿಲೋಗ್ರಾಂ ಇದ್ದರೆ, 100 ವ್ಯಾಟ್ ಶಕ್ತಿಯಿಂದ 600 ಮೀಟರು ಏರಲು ಎಷ್ಟು ನಿಮಿಷ ಬೇಕು?

2. ಫ್ರಾನ್ಸಿನಲ್ಲಿ ಹುಟ್ಟಿ ಈಗ ಭಾರತದಲ್ಲಿಯೂ ನಡೆಯುತ್ತಿರುವ ದೀರ್ಘ ಸೈಕಲ್ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆಗಳ ಅವಧಿ ಇರುತ್ತದೆ. ವಿಶ್ರಾಂತಿಗೆ 2 ಗಂಟೆ ಕಳೆದರೆ ಉಳಿದ ಹೊತ್ತಿನ ಸರಾಸರಿ ವೇಗವೆಷ್ಟಿರಬೇಕು?

3. ಮೇಲಿನ ವೇಳಾಪಟ್ಟಿಯಲ್ಲಿ ತಂಡದ ಬಯಲಿನ ವೇಗವು ಹೋಗುವಾಗ ಗಂಟೆಗೆ 12 ಕಿ.ಮೀ. ಮಾತ್ರವಾದರೆ ಘಟ್ಟದ ಬುಡವನ್ನು ಎಷ್ಟು ಗಂಟೆಗೆ ತಲುಪುವಿರಿ? ಆಗ ನಿಮ್ಮ ಕರ್ತವ್ಯವೇನು?

4. ನಿಮ್ಮ ಮನೆಯ ಹಿರಿಯರು ತಮ್ಮ ಊರಿನಲ್ಲಿ ಆಗುಂಬೆ, ಶಿರಾಡಿ, ಚಾರ್ಮಾಡಿ ಮೊದಲಾದ ಯಾವ ಘಟ್ಟವನ್ನು ಬಲ್ಲರೆಂದು ಕೇಳಿ ತಿಳಿಯಿರಿ. ಅದರ ಬುಡದ ಮತ್ತು ತಲೆಯ ಎತ್ತರಗಳನ್ನು ಭೂಪಟದಲ್ಲಿ ಹುಡುಕಿ, ಮಾಳಶೇಜಿನೊಡನೆ ಹೋಲಿಸಿರಿ.